ಹಳೇ ಮಿಯಾಟಾ ರೇಸ್ ಟ್ರ್ಯಾಕಿಗೆ: ಹೊಸ ಸಸ್ಪೆನ್ಷನ್ ಏನು ನೋಡಿ ಕೊಳ್ಳಬೇಕು?

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರಲ್ಲಿ ಕಾರಿನ ಹುಚ್ಚು ಹತ್ತಿದ ಎಷ್ಟೋ ಜನ ಕೊನೆಗೆ ಬಂದು ನಿಲ್ಲುವುದು ಹಳೇ ಮಾಜ್ದಾ ಮಿಯಾಟಾ ಮುಂದೆ. ಎರಡೇ ಸೀಟು, ತೆರೆದ ಮೇಲ್ಛಾವಣಿ, ಒಂದು ಟನ್ನಿನ ಆಸುಪಾಸು ತೂಕ, ಹಿಂದಿನ ಚಕ್ರಗಳಿಗೆ ಎಂಜಿನ್ ಬಲ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ದುಡ್ಡು ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ‘ಟ್ರ್ಯಾಕ್ ಡೇ’ಗೆ ಇಷ್ಟು ಕಡಿಮೆ ಖರ್ಚಿನ ಕಾರು ಬೇರೆ ಸಿಗುವುದು ಕಷ್ಟ.

ಈ ಕಾರು ಮೊದಲು ಕಾಣಿಸಿದ್ದು 1989ರ ಫೆಬ್ರುವರಿಯಲ್ಲಿ, ಶಿಕಾಗೋ ಆಟೋ ಶೋನಲ್ಲಿ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಉಳಿದ ಕಡೆ ಎಂಎಕ್ಸ್-5. ಮೊದಲ ತಲೆಮಾರಿನ ಕಾರುಗಳನ್ನು ‘ಎನ್‌ಎ’ ಅಂತ ಕರೆಯುತ್ತಾರೆ, ಅವು 1997ರವರೆಗೆ ತಯಾರಾದವು. ಅಂದರೆ ಅದರಲ್ಲಿ ತೀರಾ ಹೊಸದಕ್ಕೂ ಈಗ ಮೂವತ್ತರ ಹತ್ತಿರ ವಯಸ್ಸು. ರಬ್ಬರ್ ಒಣಗಿರುತ್ತದೆ, ಶಾಕ್ ಅಬ್ಸಾರ್ಬರ್ ಸೋತಿರುತ್ತದೆ. ಟ್ರ್ಯಾಕಿಗೆ ಇಳಿಯಬೇಕು ಅಂದ ಕೂಡಲೇ ಸಸ್ಪೆನ್ಷನ್, ಅಂದರೆ ಕಾರಿನ ದೇಹವನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್, ಶಾಕ್, ತೋಳುಗಳ ಪ್ರಶ್ನೆ ಎದುರಾಗುತ್ತದೆ. ಅಂಗಡಿಯ ಪಟ್ಟಿ ತೆರೆದರೆ ಕಾಯಿಲೋವರ್, ಮಾನೋಟ್ಯೂಬ್, 32 ಕ್ಲಿಕ್, 8 ಕೆ.ಜಿ. ಸ್ಪ್ರಿಂಗ್ ಅಂತ ಒಂದರ ಮೇಲೊಂದು ಮಾತು. ಸಾವಿರಾರು ಡಾಲರ್ ಹೋಗುವ ವಿಷಯ, ಸುಮ್ನೆ ಚೆಂದದ ಬಣ್ಣ ನೋಡಿ ಆರ್ಡರ್ ಮಾಡೋಕಾಗಲ್ಲ. ಬುಡದಿಂದ ನೋಡೋಣ.

## ಸ್ಪ್ರಿಂಗ್ ಹೊರುತ್ತದೆ, ಡ್ಯಾಂಪರ್ ಹಿಡಿಯುತ್ತದೆ

ಮಿಯಾಟಾದ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದುಕೊಂಡಿವೆ. ಇದಕ್ಕೆ ಡಬಲ್ ವಿಷ್‌ಬೋನ್ ಅಂತ ಹೆಸರು. ನಾಲ್ಕೂ ಚಕ್ರಕ್ಕೆ ಹೀಗೇ ಇರುವುದು ಈ ಕಾರಿನ ದೊಡ್ಡ ಗುಣ. ತೋಳುಗಳು ಅಲ್ಲಾಡುವ ಜಾಗದಲ್ಲಿ ರಬ್ಬರ್ ಬಳೆಗಳಿವೆ, ಅವಕ್ಕೆ ಬುಶ್ ಅನ್ನುತ್ತಾರೆ. ತೋಳಿಗೂ ಕಾರಿನ ದೇಹಕ್ಕೂ ನಡುವೆ ಒಂದು ಸ್ಪ್ರಿಂಗ್, ಅದರ ಹೊಟ್ಟೆಯೊಳಗೆ ಒಂದು ಶಾಕ್ ಅಬ್ಸಾರ್ಬರ್. ಶಾಕ್ ಅಂತ ನಾವು ಕರೆಯುವುದರ ಸರಿಯಾದ ಹೆಸರು ಡ್ಯಾಂಪರ್. ಎಣ್ಣೆ ತುಂಬಿದ ಕೊಳವೆ, ಒಳಗೆ ಸಣ್ಣ ತೂತುಗಳಿರುವ ಪಿಸ್ಟನ್. ಪಿಸ್ಟನ್ ಆಡಬೇಕಾದರೆ ಎಣ್ಣೆ ಆ ತೂತುಗಳಲ್ಲಿ ನುಗ್ಗಿ ಹೋಗಬೇಕು, ಅದೇ ತಡೆ.

ಇವೆರಡರ ಕೆಲಸ ಬೇರೆ ಬೇರೆ. ಸ್ಪ್ರಿಂಗ್‌ಗೆ ನೇತುಹಾಕಿದ ಮಗುವಿನ ತೊಟ್ಟಿಲು ನೋಡಿರುತ್ತೀರಿ ಅಲ್ವಾ? ಒಮ್ಮೆ ಕೆಳಗೆ ಎಳೆದು ಬಿಟ್ಟರೆ ತುಂಬಾ ಹೊತ್ತು ಮೇಲೆ ಕೆಳಗೆ ಕುಣಿಯುತ್ತದೆ. ಮಗು ಭಾರವಾದಷ್ಟೂ ಕುಣಿತ ನಿಧಾನ, ಸ್ಪ್ರಿಂಗ್ ಗಟ್ಟಿಯಾದಷ್ಟೂ ಚುರುಕು. ಆ ಕುಣಿತವನ್ನು ನಿಲ್ಲಿಸಬೇಕಾದರೆ ಯಾರಾದರೂ ಕೈ ಇಡಬೇಕು. ಮೆಲ್ಲಗೆ ಇಟ್ಟರೆ ಕುಣಿತ ಮುಂದುವರಿಯುತ್ತದೆ, ಬಿಗಿಯಾಗಿ ಹಿಡಿದರೆ ತೊಟ್ಟಿಲು ಆಡುವುದೇ ಇಲ್ಲ. ಸ್ಪ್ರಿಂಗ್ ಭಾರ ಹೊರುತ್ತದೆ, ಡ್ಯಾಂಪರ್ ಆ ಕೈ.

ಸ್ಪ್ರಿಂಗ್ ಗಟ್ಟಿ ಮಾಡಿದರೆ ಕೈಯೂ ಗಟ್ಟಿಯಾಗಬೇಕು. ಲೆಕ್ಕದ ಪ್ರಕಾರ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಡ್ಯಾಂಪರಿನ ಹಿಡಿತ ಸುಮಾರು 1.4 ಪಟ್ಟು ಆಗಬೇಕು. ಹಳೇ ಶಾಕ್‌ಗೆ ಗಟ್ಟಿ ಸ್ಪ್ರಿಂಗ್ ಮಾತ್ರ ಹಾಕಿಸಿಕೊಂಡವರ ಕಾರು ಏಕೆ ಪುಟಿಯುತ್ತದೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಅದಕ್ಕೇ ಸ್ಪ್ರಿಂಗ್ ಮತ್ತು ಡ್ಯಾಂಪರನ್ನು ಜೋಡಿಯಾಗಿ ಕೊಳ್ಳಬೇಕು.

ಕಾಯಿಲೋವರ್ ಅಂದರೆ ಡ್ಯಾಂಪರಿನ ಮೇಲೆ ಕೂತ ಸ್ಪ್ರಿಂಗ್, ಅಷ್ಟೇ. ಆ ಲೆಕ್ಕದಲ್ಲಿ ಮಿಯಾಟಾದಲ್ಲಿ ಹುಟ್ಟಿನಿಂದಲೇ ಕಾಯಿಲೋವರ್ ಇದೆ. ಅಂಗಡಿಯವರು ಈ ಹೆಸರಲ್ಲಿ ಮಾರುವುದು ಎತ್ತರ ಏರಿಸಿ ಇಳಿಸಲು ತಿರುಪಿನ ಗೆರೆ ಕೊರೆದಿರುವ ಜೋಡಿಯನ್ನು.

## ತಿರುವಿನಲ್ಲಿ ಭಾರ ಎಲ್ಲಿಗೆ ಹೋಗುತ್ತದೆ?

ಎಡಕ್ಕೆ ತಿರುಗಿದರೆ ಬಲಗಡೆ ಚಕ್ರಗಳ ಮೇಲೆ ಭಾರ ಬೀಳುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಕಡಿಮೆ ವಾಲುತ್ತದೆ, ಆದ್ದರಿಂದ ಭಾರವೂ ಕಡಿಮೆ ಸರಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಒಟ್ಟು ಎಷ್ಟು ಭಾರ ಸರಿಯುತ್ತದೆ ಅನ್ನೋದನ್ನು ತೀರ್ಮಾನಿಸುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ಬಿರುಸು.

ಡ್ರೈವರ್ ಸೇರಿ 1,070 ಕೆ.ಜಿ. ಅಂತ ಇಟ್ಟುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 46 ಸೆಂ.ಮೀ. ಮೇಲೆ. ಚಕ್ರಗಳ ನಡುವಿನ ಅಗಲ 1.41 ಮೀಟರ್. ಒಳ್ಳೇ ಟೈರ್ ಇದ್ದರೆ ತಿರುವಿನಲ್ಲಿ ಒಂದು ‘ಜಿ’ಯಷ್ಟು, ಅಂದರೆ ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಬರುತ್ತದೆ. ಆಗ ಸುಮಾರು 350 ಕೆ.ಜಿ. ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಕಾರನ್ನು 3 ಸೆಂ.ಮೀ. ಇಳಿಸಿದರೆ? 350 ಇದ್ದದ್ದು 326 ಆಗುತ್ತದೆ. ಲಾಭ ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಮಾಡುವುದೇನು? ಆ 350 ಕೆ.ಜಿ.ಯಲ್ಲಿ ಮುಂದಿನ ಚಕ್ರಕ್ಕೆಷ್ಟು, ಹಿಂದಿನದಕ್ಕೆಷ್ಟು ಅಂತ ಹಂಚುತ್ತದೆ. ಮುಂದೆ ಜಾಸ್ತಿ ಗಟ್ಟಿ ಮಾಡಿದರೆ ಮುಂದಿನ ಹೊರಚಕ್ರದ ಮೇಲೆ ಹೊರೆ ಬಿದ್ದು ಕಾರು ತಿರುಗಲು ಒಲ್ಲೆ ಅನ್ನುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದೆ ಜಾಸ್ತಿ ಮಾಡಿದರೆ ಬಾಲ ಹೊರಗೆ ಜಾರುತ್ತದೆ, ಓವರ್‌ಸ್ಟಿಯರ್. ಇನ್ನೊಂದು ಉಪಯೋಗ, ಕಾರು ವಾಲುವುದು ಕಡಿಮೆಯಾಗಿ ಟೈರ್ ನೆಲದ ಮೇಲೆ ನೇರವಾಗಿ ನಿಲ್ಲುತ್ತದೆ. ಬ್ರೇಕ್ ಒತ್ತಿದಾಗ ಮೂಗು ಅಷ್ಟಾಗಿ ಕುಕ್ಕರಿಸುವುದಿಲ್ಲ. ಡ್ರೈವರಿಗೆ ಕಾರಿನ ಉತ್ತರ ಬೇಗ ಸಿಗುತ್ತದೆ.

## ಇಳಿಸಿದಷ್ಟೂ ಒಳ್ಳೇದಾ? ಮಿಯಾಟಾದ ಮುಖ್ಯ ತೊಂದರೆ

ಈ ಕಾರಿಗೆ ಸಸ್ಪೆನ್ಷನ್ ಆರಿಸುವಾಗ ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. ಎನ್‌ಎ ಮಿಯಾಟಾದ ಚಕ್ರಕ್ಕೆ ಮೇಲಕ್ಕೆ ಹೋಗಲು ಇರುವ ಜಾಗವೇ ಕಡಿಮೆ. ಈ ಜಾಗಕ್ಕೆ ‘ಟ್ರಾವೆಲ್’ ಅನ್ನುತ್ತಾರೆ.

ಡ್ಯಾಂಪರಿನ ಕಂಬಿಯ ಮೇಲ್ತುದಿಯಲ್ಲಿ ಸ್ಪಂಜಿನಂಥ ಒಂದು ಬಿಲ್ಲೆ ಇರುತ್ತದೆ. ಅದು ಬಂಪ್ ಸ್ಟಾಪ್. ಚಕ್ರ ತುಂಬಾ ಮೇಲೆ ಬಂದಾಗ ಲೋಹಕ್ಕೆ ಲೋಹ ಬಡಿಯದಂತೆ ಅದು ನಡುವೆ ನಿಲ್ಲುತ್ತದೆ. ಸ್ವಲ್ಪ ಒತ್ತಿದಾಗ ಮೆತ್ತಗಿರುತ್ತದೆ, ಪೂರ್ತಿ ಒತ್ತಿದಾಗ ಕಲ್ಲಿನಷ್ಟು ಗಟ್ಟಿ. ಮೂಲ ಎತ್ತರದಲ್ಲೇ ಈ ಕಾರು ತಿರುವಿನಲ್ಲಿ ಬಂಪ್ ಸ್ಟಾಪ್ ಮೇಲೆ ಒರಗುತ್ತದೆ. ಅದನ್ನು ಇನ್ನೂ ನಾಲ್ಕು ಸೆಂ.ಮೀ. ಇಳಿಸಿದರೆ ಸುಮ್ಮನೆ ನಿಂತಾಗಲೇ ಬಂಪ್ ಸ್ಟಾಪ್ ಹತ್ತಿರ ಬಂದುಬಿಟ್ಟಿರುತ್ತದೆ.

ತಿರುವಿನ ನಡುವೆ ಬಂಪ್ ಸ್ಟಾಪ್ ಪೂರ್ತಿ ಒತ್ತಿಕೊಂಡರೆ ಆ ಮೂಲೆಯ ಸ್ಪ್ರಿಂಗ್ ಏಕಾಏಕಿ ಹಲವು ಪಟ್ಟು ಗಟ್ಟಿಯಾದಂತೆ. ಭಾರದ ಹಂಚಿಕೆ ಕ್ಷಣದಲ್ಲಿ ಬದಲಾಗುತ್ತದೆ. ಮುಂದೆ ಆದರೆ ಕಾರು ನೇರ ಹೋಗುತ್ತದೆ. ಹಿಂದೆ ಆದರೆ ಮುನ್ಸೂಚನೆ ಇಲ್ಲದೆ ಗಿರ್ರನೆ ತಿರುಗಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಟ್ರ್ಯಾಕಿನಲ್ಲಿ ‘ಕಾರ್ಕ್‌ಸ್ಕ್ರೂ’ ಅಂತ ಒಂದು ಹೆಸರಾಂತ ತಿರುವಿದೆ. ದಿಬ್ಬದ ತುದಿಯಲ್ಲಿ ಮುಂದಿನ ದಾರಿ ಕಾಣುವುದಿಲ್ಲ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವಷ್ಟರಲ್ಲಿ ಕಾರು ಸುಮಾರು 18 ಮೀಟರ್ ಕೆಳಗಿಳಿದಿರುತ್ತದೆ. ದಿಬ್ಬದ ಮೇಲೆ ಕಾರು ಹಗುರಾಗಿ ಚಕ್ರಗಳು ಕೆಳಗೆ ಚಾಚಬೇಕು, ಬುಡದಲ್ಲಿ ಭಾರ ಬಿದ್ದು ಮೇಲೆ ಬರಬೇಕು. ಎರಡೂ ಕಡೆ ಜಾಗವಿಲ್ಲದ ಕಾರಿಗೆ ಅಲ್ಲಿ ಕಷ್ಟ ತಪ್ಪಿದ್ದಲ್ಲ.

ಜಾಸ್ತಿ ಇಳಿಸಿದರೆ ಇನ್ನೊಂದು ಕೇಡಿದೆ. ಕೆಳಗಿನ ತೋಳುಗಳು ಚಕ್ರದ ಕಡೆಗೆ ಮೇಲ್ಮುಖವಾಗಿ ವಾಲುತ್ತವೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗೆ ಕುಸಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗಿ ಕಾರು ಮೊದಲಿಗಿಂತ ಜಾಸ್ತಿ ವಾಲಲು ನೋಡುತ್ತದೆ. ಇಳಿಸಿದ್ದು ವಾಲದಿರಲಿ ಅಂತ, ಆದದ್ದು ತಿರುಗುಮುರುಗು.

15 ಇಂಚಿನ ಚಕ್ರ ಹಾಕಿದ ಟ್ರ್ಯಾಕ್ ಮಿಯಾಟಾಗಳಲ್ಲಿ ಬಾಗಿಲಿನ ಕೆಳಗಿನ ಬೆಸುಗೆ ಅಂಚಿನಿಂದ ನೆಲಕ್ಕೆ 12ರಿಂದ 13 ಸೆಂ.ಮೀ. ಇಡುವುದು ರೂಢಿ, ಹಿಂದೆ ಮುಂದಿಗಿಂತ ಕೊಂಚ ಎತ್ತರ. ಅದಕ್ಕಿಂತ ಕೆಳಗಿರುವ ಕಾರು ಫೋಟೋದಲ್ಲಿ ಚೆಂದ ಕಾಣಬಹುದು, ಟ್ರ್ಯಾಕಿನಲ್ಲಿ ವೇಗವಾಗಿ ಹೋಗುವುದಿಲ್ಲ.

ನಿಮ್ಮ ಕಾರಿನಲ್ಲಿ ಟ್ರಾವೆಲ್ ಎಷ್ಟು ಉಳಿದಿದೆ ಅಂತ ನೋಡಲು ಸುಲಭದ ದಾರಿ ಇದೆ. ಡ್ಯಾಂಪರಿನ ಹೊಳೆಯುವ ಕಂಬಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಿರಿ, ಬೆರಳಿಂದ ತಳ್ಳಿದರೆ ಜಾರುವಷ್ಟು ಮಾತ್ರ. ಅದನ್ನು ಕೊಳವೆಯ ಬಾಯಿಗೆ ತಾಗಿಸಿ ಇಡಿ. ಟ್ರ್ಯಾಕಿನಲ್ಲಿ ಓಡಿಸಿ ಬಂದು ನೋಡಿ. ಕಂಬಿ ಒಳಗೆ ಹೋದಷ್ಟು ದೂರ ಟೈ ಮೇಲೆ ಸರಿದು ಅಲ್ಲೇ ಉಳಿದಿರುತ್ತದೆ. ಅದು ಹೋಗಿ ಬಂಪ್ ಸ್ಟಾಪಿಗೆ ಒತ್ತಿಕೊಂಡಿದ್ದರೆ, ನಾಲ್ಕರಲ್ಲಿ ಯಾವ ಮೂಲೆಯಲ್ಲಿ ಅಂತ ಬರೆದಿಟ್ಟುಕೊಳ್ಳಿ. ಹತ್ತು ರೂಪಾಯಿಯೂ ಬೆಲೆ ಬಾಳದ ಟೈ ಹೇಳುವ ಈ ಮಾಹಿತಿ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಪರಿಹಾರಗಳೂ ಇವೆ. ಮಿಯಾಟಾಗೆಂದೇ ಕೊಳವೆಯನ್ನು ಗಿಡ್ಡ ಮಾಡಿದ ಡ್ಯಾಂಪರ್‌ಗಳಿವೆ. ಎರಡನೇ ತಲೆಮಾರಿನ, ಅಂದರೆ ‘ಎನ್‌ಬಿ’ ಕಾರಿನ ಮೇಲ್ಗಡೆ ಮೌಂಟ್‌ಗಳನ್ನು, ಅಂದರೆ ಡ್ಯಾಂಪರಿನ ತಲೆಯನ್ನು ಕಾರಿನ ದೇಹಕ್ಕೆ ಸೇರಿಸುವ ಭಾಗಗಳನ್ನು, ಎನ್‌ಎಗೆ ಹಾಕಿ ಟ್ರಾವೆಲ್ ಗಳಿಸುವ ಹಳೇ ಉಪಾಯವೂ ಇದೆ. ಎತ್ತರ ಬದಲಿಸುವ ವಿಧಾನವನ್ನೂ ಕೇಳಿ. ಕೆಲವು ಕಾಯಿಲೋವರ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ತಿರುಗಿಸಿ ಇಳಿಸುತ್ತಾರೆ, ಇಳಿಸಿದಷ್ಟೂ ಟ್ರಾವೆಲ್ ಕಮ್ಮಿ. ಇನ್ನು ಕೆಲವದರಲ್ಲಿ ಕೆಳಗಿನ ಕಾಲನ್ನೇ ಏರಿಳಿಸಬಹುದು, ಆಗ ಡ್ಯಾಂಪರಿನೊಳಗಿನ ಜಾಗ ಹಾಗೇ ಉಳಿಯುತ್ತದೆ. ಆದರೆ ಟೈರು ಮಡ್‌ಗಾರ್ಡಿಗೆ ಉಜ್ಜದಂತೆ ನೋಡಿಕೊಳ್ಳಬೇಕು.

## ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು?

8 ಕೆ.ಜಿ. ಸ್ಪ್ರಿಂಗ್ ಅಂದರೆ ಒಂದು ಮಿಲಿಮೀಟರ್ ಒತ್ತಲು 8 ಕೆ.ಜಿ. ಭಾರ ಬೇಕು ಅಂತ. ಅಮೆರಿಕದವರು ಇದನ್ನೇ ಇಂಚಿಗೆ ಎಷ್ಟು ಪೌಂಡ್ ಅಂತ ಹೇಳುತ್ತಾರೆ. ಕೆ.ಜಿ. ಲೆಕ್ಕವನ್ನು 56ರಿಂದ ಗುಣಿಸಿದರೆ ಪೌಂಡ್ ಲೆಕ್ಕ.

ಆದರೆ ಸ್ಪ್ರಿಂಗ್ ಕೂತಿರುವುದು ಚಕ್ರದ ಮೇಲಲ್ಲ, ತೋಳಿನ ನಡುವೆ. ಮುಂದಿನ ಚಕ್ರ 10 ಮಿ.ಮೀ. ಏರಿದರೆ ಸ್ಪ್ರಿಂಗ್ ಸುಮಾರು 7 ಮಿ.ಮೀ. ಮಾತ್ರ ಒತ್ತಿಕೊಳ್ಳುತ್ತದೆ. ಈ 0.7 ಅನ್ನು ವರ್ಗ ಮಾಡಬೇಕು, 0.49. ಅಂದರೆ ಚಕ್ರಕ್ಕೆ ಸಿಗುವುದು ಸ್ಪ್ರಿಂಗಿನ ಅರ್ಧ ಗಟ್ಟಿತನ. ಹಿಂದೆ ಈ ಪಾಲು ಸ್ವಲ್ಪ ಜಾಸ್ತಿ, ಅದಕ್ಕೇ ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಮೆತ್ತಗಿರುತ್ತದೆ. ಬೇರೆ ಕಾರಿನವರು ಹೇಳಿದ ಅಂಕಿಯನ್ನು ನಿಮ್ಮ ಕಾರಿಗೆ ತಂದು ಹಚ್ಚಬಾರದು ಅನ್ನೋದು ಇದೇ ಕಾರಣಕ್ಕೆ.

ಕಾರು ಕಾರಿಗೂ ಹೋಲಿಸಬಹುದಾದ ಅಳತೆ ಬೇರೆ ಇದೆ: ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನೋದು. ಮನೆಮಂದಿಯ ಮೆತ್ತನೆಯ ಕಾರು ಒಂದರಿಂದ ಒಂದೂವರೆ ಸಲ. ಸ್ಪೋರ್ಟ್ಸ್ ಕಾರು ಒಂದೂವರೆಯಿಂದ ಎರಡು. ಗಾಳಿಯ ಬಲದಿಂದ ಕಾರನ್ನು ನೆಲಕ್ಕೊತ್ತುವ ರೆಕ್ಕೆಗಳಿಲ್ಲದ ರೇಸ್ ಕಾರು ಎರಡರಿಂದ ಎರಡೂವರೆ. ಮಿಯಾಟಾಗೆ ಮುಂದೆ 7 ಕೆ.ಜಿ. ಸ್ಪ್ರಿಂಗ್ ಹಾಕಿದರೆ ಲೆಕ್ಕ ಎರಡರ ಹತ್ತಿರ ಬರುತ್ತದೆ, 10 ಹಾಕಿದರೆ 2.3. ಎಲ್ಲರೂ ಒಂದೇ ಥರದ ಭಾಗ ಹಾಕಬೇಕಾದ ಅಮೆರಿಕದ ‘ಸ್ಪೆಕ್ ಮಿಯಾಟಾ’ ರೇಸಿನ ಕಾರುಗಳಿಗೆ ಮುಂದೆ 700 ಪೌಂಡ್, ಹಿಂದೆ 325 ಪೌಂಡ್ ಸ್ಪ್ರಿಂಗ್. ಕೆ.ಜಿ. ಲೆಕ್ಕದಲ್ಲಿ 12.5 ಮತ್ತು 5.8. ಅವು ಟ್ರೇಲರ್ ಮೇಲೆ ಟ್ರ್ಯಾಕಿಗೆ ಬರುವ ಕಾರುಗಳು.

ಮನೆಯಿಂದ ಓಡಿಸಿಕೊಂಡೇ ಹೋಗಿ, ಟ್ರ್ಯಾಕ್ ಮುಗಿಸಿ, ಅದೇ ಕಾರಿನಲ್ಲಿ ಮರಳುವವರಿಗೆ 6ರಿಂದ 8 ಕೆ.ಜಿ. ಸಾಕು ಅನ್ನೋದು ನನ್ನ ಅಭಿಪ್ರಾಯ. ಟೈರ್ ಕೂಡ ನೋಡಿ. ಅಂಟುವ ಟೈರ್ ಹಾಕಿದರೆ ತಿರುವಿನ ಬಲ ಹೆಚ್ಚುತ್ತದೆ, ಆಗ ಗಟ್ಟಿ ಸ್ಪ್ರಿಂಗ್ ಬೇಕು. ಸಾಧಾರಣ ಟೈರಿಗೆ ರೇಸ್ ಸ್ಪ್ರಿಂಗ್ ಹಾಕಿದರೆ ಕಾರು ರಸ್ತೆಯ ಮೇಲೆ ಹಾರಾಡುತ್ತದೆಯೇ ಹೊರತು ಹಿಡಿಯುವುದಿಲ್ಲ.

ಪ್ರೀಲೋಡ್ ಅಂತ ಇನ್ನೊಂದು ಮಾತು ಬರುತ್ತದೆ. ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಕೂರಿಸುವುದು. ಅದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಕಾರಿನ ಭಾರ ಬಿದ್ದ ಮೇಲೆ 8 ಕೆ.ಜಿ. ಸ್ಪ್ರಿಂಗ್ 8 ಕೆ.ಜಿ.ಯೇ.

## ಡ್ಯಾಂಪರ್: ದುಡ್ಡು ಹೋಗಬೇಕಾದ ಜಾಗ

ಕಾಯಿಲೋವರಿನಲ್ಲಿ ಸ್ಪ್ರಿಂಗ್ ಅಗ್ಗದ ಭಾಗ. ಬೆಲೆಯ ವ್ಯತ್ಯಾಸ ಇರುವುದು ಡ್ಯಾಂಪರಿನೊಳಗೆ, ಕಣ್ಣಿಗೆ ಕಾಣದ ಕವಾಟಗಳಲ್ಲಿ.

ಡ್ಯಾಂಪರಿಗೆ ಮುಖ್ಯವಾದದ್ದು ಕಾರಿನ ವೇಗವಲ್ಲ, ಪಿಸ್ಟನ್ನಿನ ವೇಗ. ನುಣುಪಾದ ಉದ್ದನೆಯ ತಿರುವಿನಲ್ಲಿ ಕಾರು ಗಂಟೆಗೆ 150 ಕಿ.ಮೀ. ಹೋದರೂ ಪಿಸ್ಟನ್ ಮೆಲ್ಲಗೆ ಸರಿಯುತ್ತದೆ. 60ರಲ್ಲಿ ಟ್ರ್ಯಾಕಿನ ಅಂಚುಗಲ್ಲು ಹತ್ತಿದರೆ ಪಿಸ್ಟನ್ ರಪ್ಪನೆ ನುಗ್ಗುತ್ತದೆ. ಒಳ್ಳೇ ಡ್ಯಾಂಪರ್ ಮೊದಲನೆಯದನ್ನು ಬಿಗಿಯಾಗಿ ಹಿಡಿದು, ಎರಡನೆಯದಕ್ಕೆ ದಾರಿ ಬಿಡುತ್ತದೆ. ಅಗ್ಗದ್ದು ಎರಡಕ್ಕೂ ಒಂದೇ ರೀತಿ ಬಿಗಿ. ಆಗ ಅಂಚುಗಲ್ಲು ಹತ್ತಿದ ಚಕ್ರ ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಒತ್ತಿಕೊಳ್ಳುವಾಗಿನ ತಡೆ ಕಂಪ್ರೆಷನ್, ಮರಳಿ ಚಾಚುವಾಗಿನ ತಡೆ ರಿಬೌಂಡ್. ರಿಬೌಂಡ್ ವಿಪರೀತ ಬಿಗಿಯಾದರೆ ಒಂದು ಗುಂಡಿಯಿಂದ ಚಕ್ರ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತದೆ. ಹೀಗೆ ಕಾರು ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಹೋಗಿ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತದೆ.

ಟ್ವಿನ್‌ಟ್ಯೂಬ್, ಮಾನೋಟ್ಯೂಬ್ ಅಂದರೆ ಡ್ಯಾಂಪರಿನ ಒಳಗಿನ ರಚನೆ. ಮೊದಲನೆಯದರಲ್ಲಿ ಕೊಳವೆಯೊಳಗೆ ಕೊಳವೆ. ಎರಡನೆಯದರಲ್ಲಿ ಒಂದೇ ಕೊಳವೆ, ಒತ್ತಡದಲ್ಲಿರುವ ನೈಟ್ರೋಜನ್ ಬೇರೆ ಕೋಣೆಯಲ್ಲಿ. ಮಾನೋಟ್ಯೂಬಿನ ಬಿಸಿ ಬೇಗ ಹೊರಹೋಗುತ್ತದೆ, ಎಣ್ಣೆ ನೊರೆಯಾಗುವುದು ಕಡಿಮೆ. ಇಪ್ಪತ್ತು ನಿಮಿಷ ಬಿಡದೆ ಓಡಿಸುವ ಟ್ರ್ಯಾಕಿನಲ್ಲಿ ಅದು ಅನುಕೂಲ. ಹಾಗಂತ ಕಳಪೆ ಮಾನೋಟ್ಯೂಬಿಗಿಂತ ಒಳ್ಳೇ ಟ್ವಿನ್‌ಟ್ಯೂಬ್ ಮೇಲು.

ಇನ್ನು ಆ 32 ಕ್ಲಿಕ್, ಅಂದರೆ ಡ್ಯಾಂಪರಿನ ತಡೆ ಹೆಚ್ಚು ಕಡಿಮೆ ಮಾಡುವ ತಿರುಪಿನ ಹಂತಗಳು. ತಿರುಪು ಒಂದೇ ಇದ್ದರೆ ಬಹಳ ಸಲ ಅದು ಕಂಪ್ರೆಷನ್ ರಿಬೌಂಡ್ ಎರಡನ್ನೂ ಒಟ್ಟಿಗೇ ಬದಲಿಸುತ್ತದೆ. ಎಡಗಡೆಯ ಹತ್ತನೇ ಕ್ಲಿಕ್ಕೂ ಬಲಗಡೆಯ ಹತ್ತನೇ ಕ್ಲಿಕ್ಕೂ ಒಂದೇ ಬಲ ಕೊಡದಿದ್ದರೆ ಕ್ಲಿಕ್ಕುಗಳ ಸಂಖ್ಯೆಗೆ ಅರ್ಥವಿಲ್ಲ. ಮಾರುವವರನ್ನು ಡೈನೋ ಗ್ರಾಫ್ ಕೇಳಿ. ಪಿಸ್ಟನ್ನಿನ ಯಾವ ವೇಗಕ್ಕೆ ಎಷ್ಟು ತಡೆ ಅಂತ ಯಂತ್ರದಲ್ಲಿ ಅಳೆದ ಚಿತ್ರ ಅದು. ಕೊಡಲು ಹಿಂಜರಿದರೆ ಬೇರೆ ಕಡೆ ನೋಡಿ.

ಮಾರುಕಟ್ಟೆಯಲ್ಲಿ ಏನೇನಿದೆ? ಹಣ ಕಡಿಮೆ ಇದ್ದರೆ ಬಿಲ್‌ಸ್ಟೈನ್ ಅಥವಾ ಕೋನಿಯ ಹಳದಿ ಶಾಕ್, ಜೊತೆಗೆ ಅದಕ್ಕೆ ಹೊಂದುವ ಸ್ಪ್ರಿಂಗ್. ಮಾಜ್ದಾ ಕಂಪನಿಯೇ ಎನ್‌ಎ ಕಾರಿನ ‘ಆರ್ ಪ್ಯಾಕೇಜ್’ ಆವೃತ್ತಿಗೆ ಬಿಲ್‌ಸ್ಟೈನ್ ಹಾಕಿ ಮಾರಿತ್ತು. ಕೋನಿಯಲ್ಲಿ ರಿಬೌಂಡ್ ಮಾತ್ರ ಬದಲಿಸಬಹುದು, ಹೊಸಬರಿಗೆ ಅಷ್ಟು ಸಾಕು. ಸಾವಿರ ಡಾಲರಿನ ಆಸುಪಾಸಿನಲ್ಲಿ ಬಿ.ಸಿ. ರೇಸಿಂಗ್, ಟೈನ್, ಮೈಸ್ಟರ್‌ಆರ್ ಥರದ ಕಾಯಿಲೋವರ್‌ಗಳಿವೆ. ಎತ್ತರ ಬದಲಿಸುವ ಸೌಕರ್ಯ ಸಿಗುತ್ತದೆ, ಕವಾಟಗಳ ನಯ ಮೇಲಿನ ದರ್ಜೆಯಷ್ಟಿರುವುದಿಲ್ಲ. ಅದರ ಎರಡು ಮೂರು ಪಟ್ಟು ಕೊಟ್ಟರೆ ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್, ಅಥವಾ ಮಿಯಾಟಾಗೆಂದೇ ಮಾಡಿದ ಸೂಪರ್‌ಮಿಯಾಟಾದವರ ಜೀಡಾ. ಓಲಿನ್ಸ್‌ನಲ್ಲಿ ಅಂಚುಗಲ್ಲಿನಂಥ ಪೆಟ್ಟಿಗೆ ತೆರೆದುಕೊಳ್ಳುವ ಹೆಚ್ಚುವರಿ ಕವಾಟ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ನಡುವಿನ ದರ್ಜೆ ಕೊಂಡು ಆಮೇಲೆ ಬದಲಿಸುವುದಕ್ಕಿಂತ, ಮೊದಲು ಬಿಲ್‌ಸ್ಟೈನ್ ಹಾಕಿ ಓಡಿಸಲು ಕಲಿತು, ದುಡ್ಡು ಕೂಡಿಸಿ ನೇರ ಮೇಲಿನದಕ್ಕೆ ಹೋಗುವುದು ಜಾಣತನ.

## ಅದಕ್ಕೂ ಮೊದಲು ಬುಶ್

ಮೂವತ್ತು ವರ್ಷದ ರಬ್ಬರ್ ಬುಶ್ ಬಿರುಕು ಬಿಟ್ಟಿದ್ದರೆ ಓಲಿನ್ಸ್ ಹಾಕಿದರೂ ವ್ಯರ್ಥ. ಬ್ರೇಕ್ ಒತ್ತಿದಾಗ ತೋಳುಗಳು ಜಾಗ ಬಿಟ್ಟು ಕದಲುತ್ತವೆ, ಚಕ್ರದ ಕೋನ ಬದಲಾಗುತ್ತದೆ. ಹೊಸ ರಬ್ಬರ್ ಹಾಕಿಸಿ, ಅಥವಾ ಪಾಲಿಯುರೆಥೇನ್. ಎರಡನೆಯದು ಗಟ್ಟಿ, ಆದರೆ ಗ್ರೀಸ್ ಒಣಗಿದರೆ ಬಿಗಿದು ಕೀರಲು ಶಬ್ದ ಮಾಡುತ್ತದೆ. ರಬ್ಬರ್ ಬುಶ್‌ಗಳ ಬೋಲ್ಟನ್ನು ಕಾರು ಚಕ್ರದ ಮೇಲೆ ನಿಂತಿರುವ ಎತ್ತರದಲ್ಲೇ ಕೊನೆಯದಾಗಿ ಬಿಗಿಯಬೇಕು. ಜ್ಯಾಕಿನ ಮೇಲೆ ಚಕ್ರ ನೇತಾಡುವಾಗ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರಿನ ಕಾರಾದರೆ ಚಕ್ರದ ಕೋನ ಹೊಂದಿಸುವ ಅಲೈನ್‌ಮೆಂಟ್ ಬೋಲ್ಟ್‌ಗಳು ತುಕ್ಕು ಹಿಡಿದು ಬುಶ್‌ಗೆ ಅಂಟಿಕೊಂಡಿರುತ್ತವೆ. ಕತ್ತರಿಸಿಯೇ ತೆಗೆಯಬೇಕಾಗಬಹುದು, ಹೊಸ ಬೋಲ್ಟ್ ತಂದಿಟ್ಟುಕೊಂಡು ಕೆಲಸ ಶುರು ಮಾಡಿ.

## ಆಂಟಿ-ರೋಲ್ ಬಾರ್

ಎಡ ಬಲ ಚಕ್ರಗಳನ್ನು ಜೋಡಿಸುವ ತಿರುಚುವ ಕಂಬಿ ಇದು. ತಿರುವಿನಲ್ಲೋ ಒಂದೇ ಕಡೆಯ ಚಕ್ರ ಏರಿದಾಗಲೋ ಕೆಲಸ ಮಾಡುತ್ತದೆ, ಎರಡೂ ಚಕ್ರ ಒಟ್ಟಿಗೆ ಏರಿದಾಗ ಸುಮ್ಮನಿರುತ್ತದೆ. ಮುಂದೆ ದಪ್ಪ ಬಾರ್ ಹಾಕಿಸುವವರು ಎನ್‌ಎ ಕಾರಿನಲ್ಲಿ ಅದು ಕೂರುವ ಜಾಗವನ್ನೂ ಬಲಪಡಿಸಬೇಕು, ಇಲ್ಲದಿದ್ದರೆ ತಗಡು ಬಿರಿಯುತ್ತದೆ.

## ಕೂರಿಸಿದ ಮೇಲೆ

ಹೊಸ ಸಸ್ಪೆನ್ಷನ್ ಹಾಕಿ ಅಲೈನ್‌ಮೆಂಟ್ ಮಾಡಿಸದೆ ಟ್ರ್ಯಾಕಿಗೆ ಹೋದರೆ ಟೈರಿನ ಅಂಚು ಒಂದೇ ದಿನದಲ್ಲಿ ಸವೆಯಬಹುದು. ಕ್ಯಾಂಬರ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ಎಷ್ಟು ವಾಲಿದೆ ಅನ್ನೋದು. ಟ್ರ್ಯಾಕಿಗೆ ಮುಂದೆ ಎರಡೂವರೆಯಿಂದ ಮೂರು ಡಿಗ್ರಿ, ಹಿಂದೆ ಅದಕ್ಕಿಂತ ಕೊಂಚ ಕಡಿಮೆ. ರಸ್ತೆಯಲ್ಲೂ ಜಾಸ್ತಿ ಓಡಿಸುವವರು ಎರಡಕ್ಕೆ ನಿಲ್ಲಿಸಬಹುದು. ಟೋ, ಅಂದರೆ ಚಕ್ರಗಳ ಮೂಗು ನೋಡುವ ದಿಕ್ಕು, ಮುಂದೆ ಸೊನ್ನೆ, ಹಿಂದೆ ಒಟ್ಟು ಒಂದೆರಡು ಮಿ.ಮೀ. ಒಳಕ್ಕೆ. ಎತ್ತರ ಬದಲಿಸಿದಾಗಲೆಲ್ಲ ಇವು ಕೆಡುತ್ತವೆ, ಹಾಗಾಗಿ ಎತ್ತರ ಮೊದಲು, ಅಲೈನ್‌ಮೆಂಟ್ ಆಮೇಲೆ.

ಸಾಧ್ಯವಾದರೆ ನಾಲ್ಕು ತೂಕದ ತಟ್ಟೆಗಳ ಮೇಲೆ ಕಾರು ನಿಲ್ಲಿಸಿ ಕಾರ್ನರ್ ವೆಯ್ಟ್, ಅಂದರೆ ಒಂದೊಂದು ಚಕ್ರದ ಮೇಲಿನ ಭಾರ, ನೋಡಿಸಿ. ಡ್ರೈವರ್ ಸೀಟಿನಲ್ಲಿ ನೀವೇ ಕೂತಿರಬೇಕು, ಇಲ್ಲವೇ ನಿಮ್ಮಷ್ಟೇ ಭಾರದ ಚೀಲ ಇಡಬೇಕು. ಓರೆಯಾಗಿ ಎದುರಿರುವ ಎರಡು ಮೂಲೆಗಳ (ಮುಂದಿನ ಎಡ, ಹಿಂದಿನ ಬಲ) ಮೊತ್ತ ಒಟ್ಟು ತೂಕದ 50 ಪ್ರತಿಶತಕ್ಕೆ ಹತ್ತಿರವಿದ್ದರೆ ಕಾರು ಎಡ ಬಲ ಎರಡೂ ತಿರುವಿಗೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಮೊದಲ ಸೆಷನ್ ಮುಗಿಸಿ ಬಂದ ತಕ್ಷಣ ಎತ್ತರದ ಲಾಕ್ ರಿಂಗ್‌ಗಳು, ಮೇಲಿನ ನಟ್‌ಗಳು, ಕೆಳಗಿನ ಬೋಲ್ಟ್‌ಗಳು ಬಿಗಿಯಾಗಿವೆಯಾ ಅಂತ ಟಾರ್ಕ್ ರೆಂಚ್ ಹಿಡಿದು ಒಂದೊಂದಾಗಿ ನೋಡಿ. ಹೊಸದಾಗಿ ಕೂರಿಸಿದ ಭಾಗಗಳು ಬಿಸಿಗೂ ಅದುರಾಟಕ್ಕೂ ಸಡಿಲವಾಗುವುದು ಆಗಲೇ.